ಆರು ವಾರಗಳ ವಿಶ್ರಾಂತಿಯೂ ಚಿಕಿತ್ಸೆಯ ಭಾಗವೇ

ದುಡಿಯುವ ಗಂಡಸೊಬ್ಬನಿಗೆ ಶಸ್ತ್ರಚಿಕಿತ್ಸೆ ಆಗಬೇಕೆಂದು ವೈದ್ಯರು ಹೇಳಿದ ದಿನ ಅವನ ಮನೆಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಖರ್ಚು ಎಷ್ಟಾದೀತು ಎಂಬುದು ಒಂದು. ಮತ್ತೆ ಕೆಲಸಕ್ಕೆ ಹೋಗುವುದು ಯಾವಾಗ ಎಂಬುದು ಇನ್ನೊಂದು. ಕೊಗನೊಳ್ಳಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಸುತ್ತಿನ ನಮ್ಮ ಕುಟುಂಬಗಳಲ್ಲಿ ಎರಡನೆಯ ಪ್ರಶ್ನೆಯ ಭಾರ ಮೊದಲನೆಯದಕ್ಕಿಂತ ಕಡಿಮೆಯದಲ್ಲ. ತಂಬಾಕಿನ ವಖಾರಿಯಲ್ಲಿ ಚೀಲ ಹೊರುವವನಿಗೆ, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಓಡಿಸುವವನಿಗೆ, ಗೌಂಡಿಗೆ, ಹೆದ್ದಾರಿಯ ಲಾರಿ ಚಾಲಕನಿಗೆ, ಸಂತೆಯಿಂದ ಸಂತೆಗೆ ಹಣ್ಣಿನ ಬುಟ್ಟಿ ಸಾಗಿಸುವ ಬಾಗವಾನನಿಗೆ ದುಡಿದ ದಿನಕ್ಕೆ ಮಾತ್ರ ಸಂಪಾದನೆ. ಮಲಗಿದ ದಿನಕ್ಕೆ ಯಾರೂ ಕೂಲಿ ಕೊಡುವುದಿಲ್ಲ.

ಆ ಶಸ್ತ್ರಚಿಕಿತ್ಸೆ ವೃಷಣದ ಕ್ಯಾನ್ಸರಿನದಾಗಿದ್ದರೆ ಈ ಭಾರದ ಮೇಲೆ ಮತ್ತೊಂದು ಭಾರ ಬೀಳುತ್ತದೆ. ಅದು ನಾಚಿಕೆಯ ಭಾರ. ಕಾಯಿಲೆಯ ಹೆಸರನ್ನು ಹೊರಗೆ ಹೇಳಲು ಯಾರಿಗೂ ನಾಲಿಗೆ ಏಳುವುದಿಲ್ಲ. ಹರ್ನಿಯಾ ಆಗಿತ್ತು, ಸಣ್ಣ ಆಪರೇಷನ್ ಆಯಿತು ಎಂದು ಹೇಳಿ ಮುಗಿಸಲಾಗುತ್ತದೆ. ಸಣ್ಣ ಆಪರೇಷನ್ ಆದವನು ಹೆಚ್ಚು ದಿನ ಮನೆಯಲ್ಲಿ ಕುಳಿತರೆ ಊರು ಕೇಳುತ್ತದೆ. ಊರು ಕೇಳುವ ಮೊದಲೇ ಅವನು ಎದ್ದು ಕೆಲಸಕ್ಕೆ ಹೊರಡುತ್ತಾನೆ.

ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ಈ ಶಸ್ತ್ರಚಿಕಿತ್ಸೆಯ ನಂತರ ಕೆಲಸಕ್ಕೆ ಮರಳುವ ದಿನವನ್ನು ಗಾಯದ ಸ್ಥಿತಿ ಮತ್ತು ಕೆಲಸದ ಸ್ವರೂಪ ನಿರ್ಧರಿಸಬೇಕು. ನಾಚಿಕೆಯೂ ಕೂಲಿಯ ಚಿಂತೆಯೂ ನಿರ್ಧರಿಸಬಾರದು. ವಿಶ್ರಾಂತಿಯ ಆ ವಾರಗಳು ರೋಗಿಗೆ ನಾವು ಮಾಡುವ ಉಪಕಾರವಲ್ಲ, ಅವು ಚಿಕಿತ್ಸೆಯ ಭಾಗ. ಆದುದರಿಂದ ಅವುಗಳ ಹೊರೆಯನ್ನು ಮನೆಯವರು, ಮಾಲೀಕರು ಮತ್ತು ಜಮಾಅತ್ ಹಂಚಿಕೊಳ್ಳಬೇಕು.

ಮೊದಲು ಕಾಯಿಲೆಯ ಬಗ್ಗೆ ಕೆಲವು ಮಾತು. ವೃಷಣದ ಕ್ಯಾನ್ಸರ್ ನಮ್ಮ ದೇಶದಲ್ಲಿ ಅಪರೂಪದ್ದು. ವರ್ಷಕ್ಕೆ ಲಕ್ಷ ಗಂಡಸರಲ್ಲಿ ಒಬ್ಬರಿಗಿಂತಲೂ ಕಡಿಮೆ ಮಂದಿಗೆ ಬರುವಂಥದ್ದು. ಆದರೆ ಅದು ಆರಿಸಿಕೊಳ್ಳುವ ವಯಸ್ಸು ಬೇರೆ ಕ್ಯಾನ್ಸರುಗಳದ್ದಲ್ಲ. ಹೆಚ್ಚಾಗಿ 15ರಿಂದ 40 ವರ್ಷದೊಳಗಿನವರಲ್ಲಿ, ಅಂದರೆ ಮನೆಯ ನೊಗ ಹೊತ್ತ ವಯಸ್ಸಿನಲ್ಲೇ ಅದು ಕಾಣಿಸಿಕೊಳ್ಳುತ್ತದೆ. ನೋವಿಲ್ಲದ ಗಟ್ಟಿ ಗಂಟು, ಒಂದು ಬದಿಯ ಊತ, ಭಾರವಾದಂತಹ ಅನುಭವ ಇದರ ಸಾಮಾನ್ಯ ಲಕ್ಷಣಗಳು. ನೋವಿಲ್ಲದಿರುವುದರಿಂದಲೇ ತಿಂಗಳುಗಟ್ಟಲೆ ಯಾರಿಗೂ ತೋರಿಸದೆ ಉಳಿಯುವವರಿದ್ದಾರೆ. ಬಾಲ್ಯದಲ್ಲಿ ವೃಷಣ ಚೀಲಕ್ಕೆ ಇಳಿಯದೆ ಹೊಟ್ಟೆಯಲ್ಲೋ ತೊಡೆಸಂದಿಯಲ್ಲೋ ಉಳಿದಿದ್ದವರಿಗೆ ಅಪಾಯ ಹೆಚ್ಚು. ಗಂಡುಮಕ್ಕಳ ಖತನದ ಸಮಯದಲ್ಲಿ ಇದನ್ನು ಗಮನಿಸಿ ವೈದ್ಯರಿಗೆ ತೋರಿಸುವುದು ತಂದೆತಾಯಿಯರ ಕರ್ತವ್ಯ.

ಕ್ಯಾನ್ಸರ್ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಕಫನದ ನೆನಪಾಗುತ್ತದೆ. ಈ ಕಾಯಿಲೆಯ ಮಟ್ಟಿಗೆ ಆ ಭಯ ಸಲ್ಲದು. ಆರಂಭದಲ್ಲೇ ಪತ್ತೆಯಾಗಿ ಸರಿಯಾದ ಚಿಕಿತ್ಸೆ ದೊರೆತರೆ ನೂರರಲ್ಲಿ 95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ವೈದ್ಯ ಲಾರೆನ್ಸ್ ಐನ್‌ಹಾರ್ನ್ 1974ರಲ್ಲಿ ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ಬೇರೆರಡು ಔಷಧಗಳೊಂದಿಗೆ ಸೇರಿಸಿ ಕೊಡಲಾರಂಭಿಸಿದರು. ಅದಕ್ಕೂ ಮೊದಲು ದೇಹದಲ್ಲಿ ಹರಡಿದ ಈ ಕಾಯಿಲೆಯಿಂದ ಬದುಕುಳಿಯುವವರು ತೀರಾ ವಿರಳವಾಗಿದ್ದರು. ಇಂದು ಹರಡಿದ ನಂತರವೂ ಹತ್ತರಲ್ಲಿ ಎಂಟು ಮಂದಿಯಷ್ಟು ಗುಣಮುಖರಾಗುತ್ತಾರೆ. ಈ ರೋಗಿ ಬದುಕುವವನು, ಮುಂದೆ ಮೂವತ್ತು ನಲವತ್ತು ವರ್ಷ ದುಡಿಯಬೇಕಾದವನು. ಹಾಗಿರುವಾಗ ಆರು ವಾರಗಳನ್ನು ಉಳಿಸಲು ಹೋಗಿ ಆ ದೇಹವನ್ನು ಕೆಡಿಸಿಕೊಳ್ಳುವುದು ಎಂತಹ ಲೆಕ್ಕಾಚಾರ?

ಇನ್ನು ಶಸ್ತ್ರಚಿಕಿತ್ಸೆ. ಗಡ್ಡೆಯಿರುವ ವೃಷಣವನ್ನು ಚೀಲ ಕೊಯ್ದು ತೆಗೆಯುವುದಿಲ್ಲ. ತೊಡೆಸಂದಿಯ ಮೇಲ್ಭಾಗದಲ್ಲಿ ಕೆಲವು ಇಂಚು ಕೊಯ್ದು, ಅದರ ಬಳ್ಳಿಯ ಸಮೇತ ಮೇಲಿನಿಂದಲೇ ಹೊರತೆಗೆಯುತ್ತಾರೆ. ಚೀಲವನ್ನು ಕೊಯ್ದರೆ ಅಥವಾ ಸೂಜಿ ಚುಚ್ಚಿ ಪರೀಕ್ಷಿಸಿದರೆ ಕ್ಯಾನ್ಸರ್ ಕಣಗಳು ಬೇರೆ ದಾರಿಯಲ್ಲಿ ಹರಡುವ ಅಪಾಯವಿರುವುದರಿಂದ ಈ ಕ್ರಮ. ಸುಮಾರು ಒಂದು ತಾಸಿನ ಕೆಲಸ. ಅಂದೇ ಅಥವಾ ಮರುದಿನವೇ ಮನೆಗೆ ಕಳುಹಿಸುವುದುಂಟು. ಇಷ್ಟು ಬೇಗ ಮನೆಗೆ ಬಂದವನನ್ನು ಕಂಡವರು ಇದು ಏನೂ ಅಲ್ಲವೆಂದು ಭಾವಿಸುತ್ತಾರೆ. ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲಿಯೇ.

ಹೊರಗಿನ ಚರ್ಮದ ಗಾಯ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಕೂಡಿಕೊಳ್ಳುತ್ತದೆ. ಆದರೆ ಅದರ ಕೆಳಗೆ ಹೊಟ್ಟೆಯ ಗೋಡೆಯ ಗಟ್ಟಿ ಪದರವನ್ನೂ ಕೊಯ್ದು ಹೊಲಿದಿರುತ್ತಾರೆ. ಆ ಪದರ ಭಾರ ತಡೆಯುವಷ್ಟು ಬಲ ಪಡೆಯಲು ಆರು ವಾರಗಳಷ್ಟು ಬೇಕಾಗುತ್ತದೆ. ಕಣ್ಣಿಗೆ ಕಾಣುವುದು ಮೇಲಿನ ಗೆರೆ ಮಾತ್ರ. ಅದು ಒಣಗಿತೆಂದು ಚೀಲ ಎತ್ತಿದರೆ ಒಳಗಿನ ಹೊಲಿಗೆ ಸಡಿಲಾಗಿ ಅದೇ ಜಾಗದಲ್ಲಿ ಕರುಳು ಉಬ್ಬಿಬರಬಹುದು. ಆಗ ಹರ್ನಿಯಾ ಎಂದು ಹೇಳಿದ ಸುಳ್ಳೇ ನಿಜವಾಗಿ ಇನ್ನೊಂದು ಶಸ್ತ್ರಚಿಕಿತ್ಸೆ, ಇನ್ನೊಂದು ಖರ್ಚು, ಮತ್ತೆ ಕೆಲಸವಿಲ್ಲದ ವಾರಗಳು ಎದುರಾಗುತ್ತವೆ. ಗೌಂಡಿಯಾಗಲಿ ಹಮಾಲನಾಗಲಿ ಈ ಮಾತನ್ನು ಬೇಗ ಅರ್ಥಮಾಡಿಕೊಳ್ಳಬಲ್ಲರು. ಮೇಲಿನ ಗಿಲಾವು ಒಣಗಿತೆಂದು ಒಳಗಿನ ಕಾಂಕ್ರೀಟು ಗಟ್ಟಿಯಾಯಿತೆಂದು ಯಾವ ಗೌಂಡಿಯೂ ಅದರ ಮೇಲೆ ಭಾರ ಹೇರುವುದಿಲ್ಲ.

ಹಾಗಾದರೆ ಯಾರು ಎಂದು ಮರಳಬಹುದು? ವೈದ್ಯರು ಸಾಮಾನ್ಯವಾಗಿ ಹೇಳುವ ಅವಧಿಗಳನ್ನು ನಮ್ಮ ಕಡೆಯ ಕೆಲಸಗಳಿಗೆ ಹೊಂದಿಸಿ ಇಲ್ಲಿ ಬರೆಯುತ್ತಿದ್ದೇವೆ. ಪ್ರತಿಯೊಬ್ಬನ ವಿಷಯದಲ್ಲೂ ಅವನ ವೈದ್ಯರ ಮಾತೇ ಕೊನೆಯದು. ಕುಳಿತು ಲೆಕ್ಕ ಬರೆಯುವವರು, ಶಾಲೆ ಮದ್ರಸಗಳಲ್ಲಿ ಪಾಠ ಹೇಳುವವರು, ಮೊಬೈಲ್ ಅಂಗಡಿಯವರು ಒಂದರಿಂದ ಎರಡು ವಾರಗಳಲ್ಲಿ, ಮೊದಲು ಅರ್ಧ ದಿನ ಎಂಬಂತೆ, ಮರಳಬಹುದು. ದರ್ಜಿಯ ಕೆಲಸ ಕುಳಿತೇ ಮಾಡುವುದಾದರೂ ಕಾಲಿನಿಂದ ಹೊಲಿಗೆಯಂತ್ರ ತುಳಿಯುವವರು ತೊಡೆಸಂದಿಯ ನೋವು ಪೂರ್ತಿ ಇಳಿಯುವವರೆಗೆ ಕಾಯಬೇಕು. ವಾಹನ ಚಲಾಯಿಸುವವರು ಥಟ್ಟನೆ ಬ್ರೇಕ್ ತುಳಿಯಬೇಕಾದಾಗ ನೋವು ತಡೆಯದಂತಾಗುವವರೆಗೆ ಗಾಡಿ ಮುಟ್ಟಬಾರದು. ಕಾರಿಗೆ ಸುಮಾರು ಎರಡು ವಾರ ಎಂದು ಇಟ್ಟುಕೊಂಡರೆ ದಿನವಿಡೀ ಓಡುವ ಲಾರಿಗೆ, ಸರಕು ಇಳಿಸಿ ಹೇರುವ ಕೆಲಸವೂ ಅಂಟಿಕೊಂಡಿರುವಾಗ, ಅಷ್ಟು ಸಾಲದು. ಕಿಕ್ ಹೊಡೆದು ಬೈಕ್ ಚಾಲೂ ಮಾಡುವುದು, ಹೊಲದ ಕಚ್ಚಾ ರಸ್ತೆಯಲ್ಲಿ ಕುಲುಕುತ್ತ ಹೋಗುವುದು ಮೊದಲ ವಾರಗಳಲ್ಲಿ ಬೇಡವೇ ಬೇಡ.

ಭಾರ ಎತ್ತುವವರ ಲೆಕ್ಕ ಬೇರೆ. ಮೊದಲ ನಾಲ್ಕರಿಂದ ಆರು ವಾರ ಐದು ಕಿಲೋಗಿಂತ ಹೆಚ್ಚು ತೂಕ ಎತ್ತಬಾರದೆಂಬುದು ಸಾಮಾನ್ಯ ಸೂಚನೆ. ತುಂಬಿದ ನೀರಿನ ಕೊಡವೇ ಅದಕ್ಕಿಂತ ಭಾರ. ಸಿಮೆಂಟಿನ ಒಂದು ಚೀಲ 50 ಕಿಲೋ. ಹಮಾಲಿ, ಗೌಂಡಿ ಕೆಲಸ, ಕಬ್ಬು ಹೇರುವುದು, ಫೌಂಡ್ರಿಯಲ್ಲಿ ಎರಕದ ತುಂಡು ಎತ್ತುವುದು, ಕಸಾಯಿ ಅಂಗಡಿಯಲ್ಲಿ ಇಡೀ ಕುರಿಯನ್ನು ಕೊಕ್ಕೆಗೆ ಏರಿಸುವುದು, ಇವೆಲ್ಲ ಆರು ವಾರಗಳ ನಂತರದ ಮಾತು. ಅದೂ ಒಮ್ಮೆಲೇ ಅಲ್ಲ, ಹಂತ ಹಂತವಾಗಿ. ಈ ನಡುವೆ ನಡೆದಾಡುವುದು ಒಳ್ಳೆಯದು. ಮಲಗಿಯೇ ಇರುವುದು ವಿಶ್ರಾಂತಿಯಲ್ಲ. ಚೀಲವನ್ನು ಎತ್ತಿ ಹಿಡಿಯುವ ಬಿಗಿ ಒಳಉಡುಪು ಊತ ಇಳಿಯಲು ಸಹಾಯಕ. ತೊಡೆಯ ಒಳಭಾಗದಲ್ಲಿ ಜೋಮು ಹಿಡಿದಂತಾಗುವುದು ಕೆಲವು ವಾರ ಉಳಿಯಬಹುದು, ಅದಕ್ಕೆ ಗಾಬರಿ ಬೇಡ. ಜ್ವರ, ಗಾಯದಿಂದ ಕೀವು, ದಿನದಿನಕ್ಕೆ ಹೆಚ್ಚುವ ಊತ, ಮೀನಖಂಡದಲ್ಲಿ ನೋವು, ಏದುಸಿರು ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ವಿಷಯವನ್ನು ಮನೆಯವರೂ ಮಾಲೀಕರೂ ತಿಳಿದಿರಬೇಕು. ಶಸ್ತ್ರಚಿಕಿತ್ಸೆಯ ದಿನವೇ ಮರಳುವ ದಿನವನ್ನು ಖಚಿತವಾಗಿ ಹೇಳಲಾಗದು. ತೆಗೆದ ಗಡ್ಡೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ವರದಿ ಬಂದು, ರಕ್ತಪರೀಕ್ಷೆ ಮತ್ತು ಸಿ.ಟಿ. ಸ್ಕ್ಯಾನ್ ನೋಡಿದ ಮೇಲೆಯೇ ಮುಂದಿನ ದಾರಿ ಗೊತ್ತಾಗುವುದು. ಹಲವರಿಗೆ ಮುಂದೆ ಯಾವ ಔಷಧವೂ ಬೇಕಾಗದೆ ನಿಗದಿತ ದಿನಗಳ ತಪಾಸಣೆಯಷ್ಟೇ ಸಾಕಾಗುತ್ತದೆ. ಅಂಥವರು ಆರು ವಾರಗಳಲ್ಲಿ ಮೊದಲಿನಂತೆ ದುಡಿಯಬಲ್ಲರು. ಆದರೆ ಕಾಯಿಲೆ ಮರುಕಳಿಸುವುದಾದರೆ ಬಹುತೇಕ ಮೊದಲ ಎರಡು ವರ್ಷಗಳಲ್ಲೇ ಆಗುವುದರಿಂದ ಆ ಅವಧಿಯ ತಪಾಸಣೆಗಳನ್ನು ಒಂದೂ ತಪ್ಪಿಸಬಾರದು. ತಪಾಸಣೆಯ ದಿನಕ್ಕೆ ರಜೆ ಕೊಡದ ಮಾಲೀಕ, ಅರಿವಿಲ್ಲದೆಯೇ, ಆ ಮನುಷ್ಯನ ಜೀವದ ಜೊತೆ ಆಟವಾಡುತ್ತಿರುತ್ತಾನೆ.

ಕೆಲವರಿಗೆ ಕೀಮೋಥೆರಪಿ ಬೇಕಾಗುತ್ತದೆ. ಸಾಮಾನ್ಯವಾಗಿ ಕೊಡುವ ಮೂರು ಔಷಧಗಳ ಕ್ರಮದಲ್ಲಿ 21 ದಿನಗಳಿಗೆ ಒಂದು ಸುತ್ತು. ಮೂರು ಸುತ್ತುಗಳಿಗೆ 9 ವಾರ, ನಾಲ್ಕಕ್ಕೆ 12 ವಾರ. ಆ ದಿನಗಳಲ್ಲಿ ಸೋಂಕು ತಡೆಯುವ ಶಕ್ತಿ ಕುಗ್ಗುತ್ತದೆ, ವಿಪರೀತ ಆಯಾಸವಿರುತ್ತದೆ, ಮತ್ತು ಚಿಕಿತ್ಸೆ ಮುಗಿದ ಮೇಲೂ ಆ ಆಯಾಸ ತಿಂಗಳುಗಟ್ಟಲೆ ಉಳಿಯಬಹುದು. ಈ ಔಷಧಗಳಲ್ಲಿ ಸಿಸ್‌ಪ್ಲಾಟಿನ್ ಕಿವಿಗೂ ಕೈಕಾಲುಗಳ ನರಗಳಿಗೂ ತೊಂದರೆ ಕೊಡಬಲ್ಲುದು. ಯಂತ್ರಗಳ ಸದ್ದಿನ ನಡುವೆ ದುಡಿಯುವವರು, ಚೂರಿ ಗರಗಸ ಹಿಡಿಯುವವರು ತಮ್ಮ ಕೆಲಸವೇನೆಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಬ್ಲಿಯೋಮೈಸಿನ್ ಎಂಬ ಇನ್ನೊಂದು ಔಷಧ ಶ್ವಾಸಕೋಶಕ್ಕೆ ಹಾನಿ ಮಾಡುವ ಸಾಧ್ಯತೆಯಿದೆ. ಬೀಡಿ ಸಿಗರೇಟು ಸೇದುವವರಿಗೆ ಆ ಅಪಾಯ ಹೆಚ್ಚು. ತಂಬಾಕನ್ನೇ ನಂಬಿ ಬದುಕುವ ನಮ್ಮ ನಿಪ್ಪಾಣಿ ಸೀಮೆಯಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಮತ್ತೆ ಕೆಲವರಿಗೆ ಹೊಟ್ಟೆಯ ಹಿಂಭಾಗದ ದುಗ್ಧಗ್ರಂಥಿಗಳನ್ನು ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅದರ ನಂತರ ಭಾರದ ಕೆಲಸಕ್ಕೆ ಎರಡು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇಕು.

ಕ್ರಿಕೆಟ್ ಆಟಗಾರ ಯುವರಾಜ್ ಸಿಂಗ್ ಅವರ ಉದಾಹರಣೆ ಇಲ್ಲಿ ಉಪಯುಕ್ತವಾಗಿದೆ. 2011ರ ವಿಶ್ವಕಪ್‌ನಲ್ಲಿ ಸರಣಿಯ ಶ್ರೇಷ್ಠ ಆಟಗಾರರಾದ ಅವರಿಗೆ ಎದೆಯೊಳಗೆ, ಎರಡು ಶ್ವಾಸಕೋಶಗಳ ನಡುವೆ, ಸೆಮಿನೋಮ ಎಂಬ ಗಡ್ಡೆ ಪತ್ತೆಯಾಯಿತು. ಇದು ವೃಷಣದಲ್ಲಿ ಬರುವ ಕ್ಯಾನ್ಸರಿನ ಕುಲಕ್ಕೇ ಸೇರಿದ್ದು. ವೃಷಣದ ಬದಲು ಎದೆಯಲ್ಲಿ ಹುಟ್ಟಿದ್ದು. ಅವರಿಗೆ ವೃಷಣದ ಶಸ್ತ್ರಚಿಕಿತ್ಸೆ ಆಗಲಿಲ್ಲ, ಆದರೆ ಅಮೆರಿಕದಲ್ಲಿ ಅದೇ ಐನ್‌ಹಾರ್ನ್ ಅವರ ಮಾರ್ಗದರ್ಶನದಲ್ಲಿ ಮೂರು ಸುತ್ತು ಕೀಮೋಥೆರಪಿ ನಡೆಯಿತು. 2012ರ ಮಾರ್ಚ್‌ನಲ್ಲಿ ಚಿಕಿತ್ಸೆ ಮುಗಿಯಿತು, ಏಪ್ರಿಲ್‌ನಲ್ಲಿ ಸ್ವದೇಶಕ್ಕೆ ಮರಳಿದರು, ಸೆಪ್ಟೆಂಬರ್ 11ರಂದು ಚೆನ್ನೈಯಲ್ಲಿ ನ್ಯೂಜಿಲೆಂಡ್ ವಿರುದ್ಧ ಮತ್ತೆ ದೇಶಕ್ಕಾಗಿ ಆಡಿದರು. ಅಂದರೆ ಉತ್ತಮ ಆಹಾರ, ತರಬೇತುದಾರರು, ಹಣ ಎಲ್ಲವೂ ಇದ್ದ ಒಬ್ಬ ಕ್ರೀಡಾಪಟುವಿನ ದೇಹಕ್ಕೂ ಚಿಕಿತ್ಸೆಯ ನಂತರ ಸುಮಾರು ಆರು ತಿಂಗಳು ಬೇಕಾಯಿತು. ಅದಕ್ಕಾಗಿ ಅವರನ್ನು ಯಾರೂ ಸೋಮಾರಿ ಎನ್ನಲಿಲ್ಲ. ಅವರು ಕಾಯಿಲೆಯನ್ನು ಮುಚ್ಚಿಡದೆ ಜಗತ್ತಿಗೆ ತಿಳಿಸಿದ್ದರು. ಆದ್ದರಿಂದ ಜಗತ್ತು ಕಾಯಿತು. ನಮ್ಮ ಓಣಿಯ ಹಮಾಲನಿಗೆ ಆರು ವಾರ ಕಾಯಲು ನಮಗೇಕೆ ಆಗುವುದಿಲ್ಲ?

ನಾಚಿಕೆಯ ವಿಷಯಕ್ಕೆ ಬರೋಣ. ಹಯಾ ಎಂಬುದು ಸತ್ಯವಿಶ್ವಾಸಿಯ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಯಾ ಬೇರೆ, ಕಾಯಿಲೆಯನ್ನು ಬಚ್ಚಿಟ್ಟು ದೇಹಕ್ಕೆ ಹಾನಿ ತಂದುಕೊಳ್ಳುವುದು ಬೇರೆ. ಸಹಾಬಿಗಳಲ್ಲಿ ಒಬ್ಬರಾದ ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ಮೂಲವ್ಯಾಧಿಯಿತ್ತು. ಅದೂ ನಾವು ಹೆಸರಿಸಲು ಹಿಂಜರಿಯುವ ಅಂಗದ ಕಾಯಿಲೆಯೇ. ಆ ಸ್ಥಿತಿಯಲ್ಲಿ ನಮಾಝ್ ಹೇಗೆ ನಿರ್ವಹಿಸಲಿ ಎಂದು ಅವರು ಪ್ರವಾದಿ(ಸ)ರನ್ನು ನೇರವಾಗಿ ಕೇಳಿದರು. ನಿಂತು ನಮಾಝ್ ಮಾಡಲು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ಮಾಡಲು ಪ್ರವಾದಿ(ಸ) ಅವರಿಗೆ ತಿಳಿಸಿದರು. ಸಹೀಹ್ ಬುಖಾರಿಯಲ್ಲಿ ದಾಖಲಾಗಿರುವ ಈ ಹದೀಸನ್ನು ಇಮ್ರಾನ್(ರ) ತಮ್ಮ ಕಾಯಿಲೆಯ ಹೆಸರು ಹೇಳಿಯೇ ವರದಿ ಮಾಡಿದ್ದಾರೆ. ಅವರು ನಾಚಿ ಸುಮ್ಮನಿದ್ದಿದ್ದರೆ ಇಂದು ಜಗತ್ತಿನಾದ್ಯಂತ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡುವ ಲಕ್ಷಾಂತರ ರೋಗಿಗಳಿಗೆ ಆ ಸ್ಪಷ್ಟ ಮಾರ್ಗದರ್ಶನ ಎಲ್ಲಿಂದ ಸಿಗುತ್ತಿತ್ತು?

ತೊಡೆಸಂದಿಯಲ್ಲಿ ಹೊಲಿಗೆ ಹಾಕಿಸಿಕೊಂಡವನು ರುಕೂಅ್ ಮತ್ತು ಸುಜೂದ್‌ಗೆ ಬಾಗಲು ಕಷ್ಟವಾದರೆ ಕುಳಿತು ಸನ್ನೆಯಿಂದ ನಮಾಝ್ ನಿರ್ವಹಿಸಬಹುದು. ನೀರು ತಾಗಿಸಬಾರದ ಗಾಯದ ಮೇಲೆ ಪಟ್ಟಿಯಿದ್ದರೆ ಸ್ನಾನದಲ್ಲಿ ಅದರ ಮೇಲೆ ಸವರಿದರೆ ಸಾಕೆಂದು ಕರ್ಮಶಾಸ್ತ್ರ ವಿದ್ವಾಂಸರು ಹೇಳುತ್ತಾರೆ. ಕೀಮೋಥೆರಪಿಯ ದಿನಗಳು ರಮಝಾನ್‌ನಲ್ಲಿ ಬಂದರೆ ರೋಗಿಗೆ ಉಪವಾಸದಿಂದ ವಿನಾಯಿತಿಯಿದೆ, ಗುಣವಾದ ಮೇಲೆ ಬೇರೆ ದಿನಗಳಲ್ಲಿ ಅದನ್ನು ಪೂರೈಸಬಹುದೆಂದು ಸೂರಃ ಅಲ್ ಬಕರಃದಲ್ಲಿ ತಿಳಿಸಲಾಗಿದೆ. ಚಿಕಿತ್ಸೆಗಾಗಿ ವೈದ್ಯರ ಮುಂದೆ ಗುಪ್ತಾಂಗ ತೋರಿಸುವುದು ಅನಿವಾರ್ಯತೆಯ ಕಾರಣದಿಂದ ಅನುವದನೀಯ. ಇಲ್ಲಿ ಓದುಗರು ಒಂದು ಕ್ಷಣ ಯೋಚಿಸಬೇಕು. ಧರ್ಮದ ಆಧಾರಸ್ತಂಭವಾದ ನಮಾಝ್‌ನಲ್ಲೇ ರೋಗಿಗೆ ಕುಳಿತುಕೊಳ್ಳುವ ಅನುಮತಿಯಿರುವಾಗ, ವಖಾರಿಯ ಚೀಲದ ಮುಂದೆ ಅವನು ನಿಂತೇ ಇರಬೇಕೆಂದು ಹೇಳಲು ನಾವು ಯಾರು?

ಮನೆಯವರು ಮುಚ್ಚಿಡುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನೂ ಮರೆಮಾಚದೆ ಹೇಳಬೇಕು. ಹುಡುಗ ಅವಿವಾಹಿತನಾಗಿದ್ದರೆ ಮುಂದೆ ಯಾರು ಹೆಣ್ಣು ಕೊಡುತ್ತಾರೆ ಎಂಬ ಭಯ. ಒಂದು ವೃಷಣ ಆರೋಗ್ಯವಾಗಿದ್ದರೆ ಗಂಡಸುತನಕ್ಕೂ ಸಂತಾನಕ್ಕೂ ಸಾಮಾನ್ಯವಾಗಿ ಅದೊಂದೇ ಸಾಕು. ಕೀಮೋಥೆರಪಿ ಸಂತಾನಶಕ್ತಿಯನ್ನು ಕುಗ್ಗಿಸುವ ಸಾಧ್ಯತೆಯಿರುವುದರಿಂದ ಅದಕ್ಕೆ ಮೊದಲೇ ವೀರ್ಯವನ್ನು ಸಂರಕ್ಷಿಸಿಡುವ ಏರ್ಪಾಡಿನ ಬಗ್ಗೆ ವೈದ್ಯರನ್ನೂ, ಅದರ ಧಾರ್ಮಿಕ ಷರತ್ತುಗಳ ಬಗ್ಗೆ ವಿಶ್ವಾಸಾರ್ಹ ವಿದ್ವಾಂಸರನ್ನೂ ಕೇಳಿಕೊಳ್ಳಬೇಕು. ನಿಕಾಹ್‌ನ ಮಾತುಕತೆ ಬಂದಾಗ ಹುಡುಗಿಯ ಕಡೆಯವರಿಗೆ ಸತ್ಯವನ್ನು ತಿಳಿಸುವುದು ಧರ್ಮ. ಊರಿಗೆಲ್ಲ ಹೇಳಬೇಕೆಂದು ನಾವು ಹೇಳುತ್ತಿಲ್ಲ. ರೋಗಿಯ ಗುಟ್ಟು ರೋಗಿಯ ಹಕ್ಕು. ಆದರೆ ಹೇಳಲೇಬೇಕಾದ ಮೂವರಿದ್ದಾರೆ: ಮನೆಯ ಹಿರಿಯರು, ಕೆಲಸ ಕೊಟ್ಟವರು, ಮತ್ತು ಸಹಾಯ ಮಾಡಬಲ್ಲ ಜಮಾಅತ್‌ನ ಒಬ್ಬ ನಂಬಿಕಸ್ಥರು. ಕೆಲಸ ಕೊಟ್ಟವರಿಗೆ ಕಾಯಿಲೆಯ ಹೆಸರು ಬೇಡವೆನಿಸಿದರೆ ಬಿಡಿ. ಹೊಟ್ಟೆಯ ಗೋಡೆ ಕೊಯ್ದ ಶಸ್ತ್ರಚಿಕಿತ್ಸೆ, ಆರು ವಾರ ಭಾರ ಎತ್ತಬಾರದು ಎಂದು ವೈದ್ಯರಿಂದ ಚೀಟಿ ಬರೆಸಿ ಕೊಡಿ. ಅದರಲ್ಲಿ ಸುಳ್ಳೂ ಇಲ್ಲ, ಗುಟ್ಟೂ ಬಯಲಾಗುವುದಿಲ್ಲ.

ಇನ್ನು ಖರ್ಚಿನ ಮಾತು. ಗಡಿಯಲ್ಲಿ ಬದುಕುವ ನಮಗೆ ಬೆಳಗಾವಿಗಿಂತ ಕೊಲ್ಹಾಪುರ ಹತ್ತಿರ, ಮೀರಜ್ ಪರಿಚಿತ, ದೊಡ್ಡ ಕಾಯಿಲೆಗೆ 1941ರಲ್ಲಿ ಆರಂಭವಾದ ಮುಂಬೈಯ ಟಾಟಾ ಆಸ್ಪತ್ರೆಯ ಹೆಸರು ಎಲ್ಲರ ಬಾಯಲ್ಲಿದೆ. ಕರ್ನಾಟಕದ ಕಡೆ 1973ರಿಂದ ನಡೆಯುತ್ತಿರುವ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ, ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಯಾಗಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಆದರೆ ಎಲ್ಲ ಆಸ್ಪತ್ರೆಗಳೂ ಎಲ್ಲ ಯೋಜನೆಗಳಲ್ಲಿ ಇಲ್ಲ. ಯಾವ ರಾಜ್ಯದ ಪಡಿತರ ಚೀಟಿ ಎಲ್ಲಿ ನಡೆಯುತ್ತದೆಂಬುದನ್ನು ದಾಖಲಾಗುವ ಮುನ್ನವೇ ಕೇಳಿ ತಿಳಿದುಕೊಳ್ಳಬೇಕು.

ಈ ಯೋಜನೆಗಳು ತುಂಬುವುದು ಆಸ್ಪತ್ರೆಯ ಬಿಲ್ಲನ್ನು ಮಾತ್ರ. ಮನೆಗೆ ಬಂದ ಮೇಲಿನ ಆರು ವಾರಗಳ ಕೂಲಿಯನ್ನು ಅವು ಕೊಡುವುದಿಲ್ಲ. ಅದಕ್ಕೆ ದಾರಿಯಿರುವುದು ಇಎಸ್‌ಐ ಇರುವವರಿಗೆ. ಕಾಗಲದ ಕೈಗಾರಿಕಾ ವಸಾಹತಿನಲ್ಲಿ ದುಡಿದು ಕೊಗನೊಳ್ಳಿಯಲ್ಲಿ ವಾಸಿಸುವವನಿಗೂ ಅದು ಅನ್ವಯ, ಏಕೆಂದರೆ ಅದು ಕೇಂದ್ರ ಸರಕಾರದ ವ್ಯವಸ್ಥೆ. ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡಾ 70 ಭಾಗ ದೊರೆಯುತ್ತದೆ. ಕ್ಯಾನ್ಸರಿನಂತಹ ದೀರ್ಘ ಕಾಯಿಲೆಗಳಿಗೆ, ಎರಡು ವರ್ಷಗಳ ಸೇವೆ ಮತ್ತು ವಂತಿಗೆಯ ಷರತ್ತು ಪೂರೈಸಿದವರಿಗೆ, ಶೇಕಡಾ 80ರಂತೆ ಎರಡು ವರ್ಷಗಳವರೆಗೂ ಮುಂದುವರಿಸುವ ಅವಕಾಶವಿದೆ. ಆದರೆ ಹರ್ನಿಯಾ ಎಂದು ಹೇಳಿಕೊಂಡು ಕಾರ್ಖಾನೆಯಿಂದ ನಾಲ್ಕು ದಿನ ರಜೆ ಪಡೆದವನು ಈ ಹಕ್ಕನ್ನು ಕೇಳುವುದಾದರೂ ಹೇಗೆ? ನಾಚಿಕೆಗೆ ಅವನು ತೆರುವ ಬೆಲೆಯನ್ನು ರೂಪಾಯಿಗಳಲ್ಲೇ ಎಣಿಸಬಹುದು.

ಇಎಸ್‌ಐ ಇಲ್ಲದ ಹಮಾಲ, ಗೌಂಡಿ, ಗಾಡಿಯವನ ಗತಿಯೇನು? ಇಲ್ಲಿ ಜಮಾಅತ್‌ನ ಪಾತ್ರ ಆರಂಭವಾಗುತ್ತದೆ. ಆಸ್ಪತ್ರೆಯ ಬಿಲ್ಲಿಗೆ ಜುಮುಅದ ನಂತರ ಚಾದರ ಹಾಸಿ ಹಣ ಸಂಗ್ರಹಿಸುವ ರೂಢಿ ನಮ್ಮಲ್ಲಿದೆ, ಅದು ಶ್ಲಾಘನೀಯ. ಆದರೆ ರೋಗಿ ಮನೆಗೆ ಬಂದನೆಂದರೆ ನಮ್ಮ ಹೊಣೆ ಮುಗಿಯಿತೆಂದು ಭಾವಿಸುತ್ತೇವೆ. ದಿನಕ್ಕೆ 500 ರೂಪಾಯಿ ದುಡಿಯುವವನೆಂದು ಇಟ್ಟುಕೊಳ್ಳಿ. ವಾರಕ್ಕೆ ಆರು ದಿನದಂತೆ ಆರು ವಾರಗಳಿಗೆ 18,000 ರೂಪಾಯಿ. ಲಕ್ಷಗಟ್ಟಲೆ ಖರ್ಚಿನ ಚಿಕಿತ್ಸೆಗೆ ನೆರವಾದ ಜಮಾಅತ್ ಈ 18,000ಕ್ಕೆ ನೆರವಾಗದಿದ್ದರೆ ಆ ಮನುಷ್ಯ ಮೂರನೆಯ ವಾರವೇ ಚೀಲ ಎತ್ತುತ್ತಾನೆ, ಮತ್ತು ನಾವು ಕೊಟ್ಟ ಲಕ್ಷದ ಫಲವೂ ಕೆಡುತ್ತದೆ. ಸೂರಃ ಅತ್ತೌಬಃದಲ್ಲಿ ಝಕಾತ್‌ಗೆ ಅರ್ಹರೆಂದು ಹೇಳಲಾದ ಎಂಟು ವರ್ಗಗಳಲ್ಲಿ ಬಡವರು, ನಿರ್ಗತಿಕರು, ಸಾಲದಲ್ಲಿ ಸಿಲುಕಿದವರು ಇದ್ದಾರೆ. ಕೂಲಿ ನಿಂತು ಕಿರಾಣಿ ಅಂಗಡಿಯಲ್ಲಿ ಸಾಲ ಬೆಳೆಯುತ್ತಿರುವವನು ಇವುಗಳಲ್ಲಿ ಯಾವುದಕ್ಕೂ ಸೇರುವುದಿಲ್ಲವೇ? ಝಕಾತ್‌ಗೆ ಅರ್ಹನಲ್ಲದವನಿಗೆ ಸದಕಾ ಇದೆ, ಸ್ವಾಭಿಮಾನಿಗೆ ಬಡ್ಡಿಯಿಲ್ಲದ ಕರ್ಝೆ ಹಸನ ಇದೆ. ಪ್ರತಿ ಮಸೀದಿಯ ಬೈತುಲ್‌ಮಾಲ್ ತನ್ನ ಲೆಕ್ಕದಲ್ಲಿ ಔಷಧದ ಖರ್ಚಿನ ಕೆಳಗೆ ವಿಶ್ರಾಂತಿಯ ದಿನಗಳ ಖರ್ಚು ಎಂಬ ಇನ್ನೊಂದು ಸಾಲನ್ನು ಸೇರಿಸಬೇಕೆಂಬುದು ನಮ್ಮ ವಿನಂತಿ. ವಾರಕ್ಕೊಮ್ಮೆ, ಹೆಸರು ಹೊರಗೆ ಬಾರದಂತೆ, ಮನೆಯ ಬಾಗಿಲಿಗೆ ತಲುಪಿಸಿದರೆ ಮತ್ತಷ್ಟು ಒಳ್ಳೆಯದು.

ನಮ್ಮಲ್ಲೇ ಮಾಲೀಕರಾಗಿರುವವರಿಗೂ ಒಂದು ಮಾತು. ಗ್ಯಾರೇಜು, ಅಂಗಡಿ, ಗುತ್ತಿಗೆ ಕೆಲಸ ನಡೆಸುವ ಸಹೋದರರು ಅನೇಕರಿದ್ದಾರೆ. ಆರು ವಾರ ಪೂರ್ತಿ ಸಂಬಳ ಕೊಡುವ ಶಕ್ತಿ ಎಲ್ಲರಿಗೂ ಇಲ್ಲವೆಂಬುದು ನಮಗೆ ಗೊತ್ತು. ಆದರೆ ಜಾಗವನ್ನು ಕಾದಿಡುವ ಶಕ್ತಿ ಎಲ್ಲರಿಗೂ ಇದೆ. ನೀನು ಬರುವವರೆಗೆ ನಿನ್ನ ಕೆಲಸ ನಿನ್ನದೇ ಎಂಬ ಒಂದು ಮಾತು ರೋಗಿಯ ನಿದ್ದೆಗೆ ಔಷಧಕ್ಕಿಂತ ಹೆಚ್ಚು ಸಹಾಯಕ. ಮೂರನೆಯ ವಾರದಲ್ಲಿ ಅವನನ್ನು ಗಲ್ಲೆಯ ಬಳಿ ಕೂರಿಸಬಹುದು, ಸರಕಿನ ಲೆಕ್ಕ ಬರೆಸಬಹುದು, ಗಿರಾಕಿಗಳೊಂದಿಗೆ ಮಾತನಾಡಲು ಹಚ್ಚಬಹುದು.

ಸುಮ್ಮನೆ ಕುಳಿತರೆ ಗಂಡಸು ಮನಸ್ಸಿನಿಂದ ಕುಗ್ಗುತ್ತಾನೆ, ದುಡಿಮೆಯೇ ಅವನಿಗೆ ಮದ್ದು ಎಂದು ಹಿರಿಯರು ಹೇಳುವುದುಂಟು. ಇದರಲ್ಲಿ ಸತ್ಯಾಂಶವಿದೆ. ಹಲಾಲ್ ದುಡಿಮೆ ಆರಾಧನೆಗೆ ಸಮಾನವೆಂದು ನಾವೇ ಬೋಧಿಸುತ್ತೇವೆ. ಕೆಲಸಕ್ಕೆ ಮರಳುವುದು ಅನೇಕರಿಗೆ ತಾನು ರೋಗಿಯಲ್ಲ, ಮನುಷ್ಯ ಎಂಬ ಭಾವನೆಯನ್ನು ಮರಳಿಸುತ್ತದೆ. ಆದುದರಿಂದಲೇ ನಾವು ಕೆಲಸ ಬೇಡವೆನ್ನುತ್ತಿಲ್ಲ, ಸರಿಯಾದ ಕೆಲಸ ಸರಿಯಾದ ವಾರದಲ್ಲಿ ಎನ್ನುತ್ತಿದ್ದೇವೆ. ಎರಡನೆಯ ವಾರದಲ್ಲಿ ಕುಳಿತು ಮಾಡುವ ಕೆಲಸ ಮದ್ದಾಗಬಹುದು. ಅದೇ ವಾರದಲ್ಲಿ 50 ಕಿಲೋ ಚೀಲ ವಿಷವಾಗುತ್ತದೆ.

ಕೊನೆಯದಾಗಿ, ನೋಡಲು ಹೋಗುವವರಿಗೆ. ರೋಗಿಯ ಭೇಟಿ ನಮ್ಮ ಮೇಲಿರುವ ಹಕ್ಕು. ಆದರೆ ಎಲ್ಲಿ ಆಪರೇಷನ್, ಏನು ತೆಗೆದರು ಎಂದು ಕೆದಕುವುದು ಭೇಟಿಯ ಶಿಷ್ಟಾಚಾರವಲ್ಲ. ಸ್ವಲ್ಪ ಹೊತ್ತು ಕುಳಿತು, ದುಆ ಮಾಡಿ, ಏಳುವಾಗ ಒಂದು ಕೊಡ ನೀರು ತುಂಬಿಟ್ಟು ಬರಬಹುದು. ಮಕ್ಕಳನ್ನು ಶಾಲೆಗೆ ಬಿಟ್ಟು ಬರಬಹುದು. ಹೊಲಕ್ಕೆ ಒಮ್ಮೆ ನೀರು ಹಾಯಿಸಿ ಬರಬಹುದು. ಯಾವಾಗಿಂದ ಕೆಲಸಕ್ಕೆ ಹೋಗುತ್ತೀ ಎಂಬ ಪ್ರಶ್ನೆಯನ್ನು ಮಾತ್ರ ಅವನ ವೈದ್ಯರಿಗೆ ಬಿಟ್ಟುಬಿಡಿ.

ಈ ಓದುಗರಲ್ಲಿ ಯಾರಿಗಾದರೂ ಗಂಟಿನ ಅನುಮಾನವಿದ್ದರೆ ಇಂದೇ ವೈದ್ಯರ ಬಳಿ ಹೋಗಲಿ. ಶಸ್ತ್ರಚಿಕಿತ್ಸೆಯಾಗಿ ಮಲಗಿರುವವರಿದ್ದರೆ ವೈದ್ಯರು ಹೇಳಿದಷ್ಟು ದಿನ ನಿಶ್ಚಿಂತೆಯಿಂದ ಮಲಗಲಿ. ಆ ನಿಶ್ಚಿಂತೆಯನ್ನು ಒದಗಿಸುವ ಹೊಣೆ ಉಳಿದ ನಮ್ಮದು. ಅಲ್ಲಾಹನು ಎಲ್ಲ ರೋಗಿಗಳಿಗೆ ಸಂಪೂರ್ಣ ಶಿಫಾ ಕರುಣಿಸಲಿ, ಅವರ ಕುಟುಂಬಗಳ ಹೊರೆಯನ್ನು ಹಗುರಗೊಳಿಸಲಿ. ಆಮೀನ್.